ಜಪಾನಿನ ಪತ್ರಿಕೆಯಲ್ಲಿ ನನ್ನ ಫೋಟೋ

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಪಕ್ಕದ ಅಂಗಡಿಯವನು ಹೊಸ ಸೈಕಲ್ ತಂದಾಗಲೂ ಪಟ್ಟವನು ನಾನು. ಆದರೆ ಆ ಜಪಾನೀ ಪತ್ರಕರ್ತನ ಮೇಲೆ ಪಟ್ಟದ್ದು ಇವತ್ತಿಗೂ ಆರಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಶಿಕಾರಿಪುರದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಬಟ್ಟೆ ಹರಿದು ಕೊಡುವುದರ ನಡುವೆ ನಾನು ಶಿವಮೊಗ್ಗದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಅಮಲ್ದಾರರ ಭೇಟಿ, ಸಹಕಾರ ಸಂಘದ ಸಭೆ, ಬಸ್ಸು ಕೆಟ್ಟು ನಿಂತದ್ದು. ಏನು ಕಳಿಸಿದರೂ ಮೇಲೆ ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ ಅಚ್ಚಾಗುತ್ತಿತ್ತು. ಒಂದು ಸಲವಾದರೂ ನನ್ನ ಹೆಸರೋ ಮುಖವೋ ಪತ್ರಿಕೆಯಲ್ಲಿ ಬರಬೇಕು, ನಮ್ಮ ಬೀದಿಯವರೆಲ್ಲ ನೋಡಬೇಕು ಎಂಬ ಆಸೆ ನನ್ನನ್ನು ಕೊರೆಯುತ್ತಿತ್ತು.

ಆಗ ಸೊರಬದ ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಜನ ಜ್ವರ ಹಿಡಿದು ಮಲಗುತ್ತಿದ್ದರು. ಆ ಜಪಾನೀ ಪತ್ರಕರ್ತ ಬಂದದ್ದು ಅದಕ್ಕೇ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇಂಗ್ಲಿಷ್ ಬಲ್ಲವರು ಯಾರೆಂದು ಕೇಳಿದನಂತೆ. ಅಲ್ಲಿನ ಹೋಟೆಲಿನವರು ನನ್ನನ್ನು ತೋರಿಸಿದರು. ಅಂಗಡಿಯನ್ನು ತಮ್ಮನಿಗೆ ವಹಿಸಿ ಹೊರಟೇಬಿಟ್ಟೆ.

ಸೊರಬದ ಬಸ್ಸಿನಲ್ಲಿ ಆತ ತನ್ನ ಕೆಲಸದ ಬಗ್ಗೆ ಹೇಳಿದ. ಕಲ್ಲಿದ್ದಲ ಗಣಿಯ ಕೂಲಿಗಳ ಜೊತೆ ತಿಂಗಳುಗಟ್ಟಲೆ ಇದ್ದು ಬರೆದಿದ್ದನಂತೆ. ಚಿಂದಿ ಆಯುವವರ ಹಿಂದೆ ಅಲೆದು ಬರೆದಿದ್ದನಂತೆ. ಯಾರು ಮೇಲಿದ್ದಾರೆ, ಯಾರು ಕೆಳಗಿದ್ದಾರೆ, ಯಾಕೆ ಹಾಗೆ ಎಂದು ಕೇಳುವುದೇ ಅವನ ಉದ್ಯೋಗ. ಬರೆದದ್ದಕ್ಕೆಲ್ಲ ಅವನ ಹೆಸರು! ನನ್ನ ವಯಸ್ಸಿನವನೇ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಸೊರಬದಾಚೆ ಕಾಡಂಚಿನ ಒಂದು ಊರಿಗೆ ಹೋದೆವು. ನಾನು ಗೌಡರ ಮನೆಯ ಕಡೆ ತಿರುಗಿದರೆ ಆತ ಊರ ಹೊರಗಿನ ಕೇರಿಯತ್ತ ಕೈ ತೋರಿಸಿದ. ನಮ್ಮಂಥವರು ಕಾಲಿಡುವ ಜಾಗವಲ್ಲ ಅದು. ಆತನೋ ಮೊದಲ ಗುಡಿಸಲ ಮುಂದೆ ಬೂಟು ಕಳಚಿಟ್ಟು, ತಲೆ ಬಗ್ಗಿಸಿ ಒಳಗೆ ಹೋಗಿ, ಚಾಪೆಯ ಮೇಲೆ ಕೂತ. ಅವನ ದೇಶದಲ್ಲಿ ಯಾರ ಮನೆಗೆ ಹೋದರೂ ಹಾಗೆಯೇ ಅಂತೆ. ಆ ಮನೆಯ ಮುದುಕಿ ಬೂಟನ್ನೊಮ್ಮೆ ಅವನನ್ನೊಮ್ಮೆ ನೋಡಿದಳು. ಆಮೇಲೆ ನನ್ನತ್ತ ತಿರುಗಿ, “ನೀವು ಒಳಗೆ ಬರಾರಲ್ಲ, ಅಲ್ಲೇ ನಿಂತ್ಕಳಿ ಒಡೇರೇ. ಬಿಸ್ಲೇನೋ ಜೋರೈತೆ” ಎಂದಳು.

ನಾನು ಅಂಗಳದಲ್ಲೇ ನಿಂತೆ. ಆತ ಒಳಗಿನಿಂದ ಇಂಗ್ಲಿಷಿನಲ್ಲಿ ಕೇಳುವುದು, ನಾನು ಹೊರಗಿನಿಂದ ಕನ್ನಡದಲ್ಲಿ ಕೂಗುವುದು, ಮುದುಕಿ ಹೇಳಿದ್ದನ್ನು ಮತ್ತೆ ಇಂಗ್ಲಿಷಿನಲ್ಲಿ ಕೂಗುವುದು. ಕೇರಿಯ ನಾಯಿಗಳಿಗೆ ಅವತ್ತು ಪುಕ್ಕಟೆ ನಾಟಕ.

“ಮಂಗ ಸಾಯ್ತಿರೋ ಕಾಡಿಗೆ ಯಾಕೆ ಹೋಗ್ತೀರಿ?” ಎಂದು ಅವನ ಪರವಾಗಿ ಕೇಳಿದೆ.

“ನಮಗೇನು ಹೋಗೋ ಆಸೆನಾ? ಗೌಡ್ರ ಕೊಟ್ಟಿಗೆಗೆ ಸೊಪ್ಪು ಬ್ಯಾಡ್ವಾ? ಅವ್ರು ಹೋಗಲ್ಲ, ನಮ್ಮನ್ನ ಕಳಸ್ತಾರೆ. ನನ್ನ ಮಗ ಸೊಪ್ಪು ತಂದು ಮಲಗ್ದೋನು ಏಳ್ಲೇ ಇಲ್ಲ.”

ಮಂಗಗಳ ಸಾವಿನ ಬಗ್ಗೆ ನಾನೂ ಸುದ್ದಿ ಕಳಿಸಿದ್ದೆ. ಸೊಪ್ಪು ತರುವವರು ಯಾರೆಂದು ಕೇಳುವುದು ನನಗೆ ಹೊಳೆದಿರಲಿಲ್ಲ. ಕನ್ನಡದ ಒಂದಕ್ಷರ ಬಾರದವನಿಗೆ ನಮ್ಮ ಜನ ಇದನ್ನೆಲ್ಲ ಹೇಳುತ್ತಿದ್ದಾರೆ, ಅದೂ ನನ್ನ ಬಾಯಿಂದ! ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಆತ ಕ್ಯಾಮೆರಾವನ್ನು ಬಾಗಿಲ ಕಡೆ ಹಿಡಿದದ್ದು ಕಂಡಿತು. ಉರಿಯನ್ನೆಲ್ಲ ಮರೆತು, ಶಲ್ಯ ಸರಿಮಾಡಿಕೊಂಡು ನೆಟ್ಟಗೆ ನಿಂತೆ.

ಕೆಲವು ತಿಂಗಳ ಮೇಲೆ ಅಂಚೆಯಲ್ಲಿ ಅವನ ಪತ್ರಿಕೆ ಬಂತು. ಅರ್ಧ ಪುಟದ ಫೋಟೋದಲ್ಲಿ ನಾನು! ಖುಷಿಯಿಂದ ಹೋಟೆಲಿಗೆ ಓಡಿದೆ. ಅಲ್ಲಿ ಮೇಜಿನ ಮೇಲೆ ಹರವಿದಾಗಲೇ ಸರಿಯಾಗಿ ನೋಡಿದ್ದು. ಸುತ್ತ ಗುಡಿಸಲ ಕತ್ತಲು, ನಡುವೆ ಬಾಗಿಲ ಚೌಕಟ್ಟು, ಅಂಚಿನಲ್ಲಿ ಮುದುಕಿಯ ಕೈ. ಆಚೆ ಬಿಸಿಲಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ನಾನು. ಹೊಸ್ತಿಲಿಗೂ ನನಗೂ ನಡುವೆ ಖಾಲಿ ಅಂಗಳ. ಕೆಳಗೆ ಜಪಾನಿಯಲ್ಲಿ ಏನು ಬರೆದಿದೆಯೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಬೀದಿಯವರೆಲ್ಲ ಮುತ್ತಿಕೊಂಡರು. ಹೋಟೆಲಿನವರು ಬೆನ್ನು ತಟ್ಟಿದರು. “ಚಲೋ ಬಂದೀರಿ ನೋಡ್ರಿ ಸಾವ್ಕಾರ್ರೇ! ಕಟ್ಟು ಹಾಕ್ಸಿ ಇಲ್ಲೇ ಗ್ವಾಡೀಗೆ ಹಾಕಾನು. ಆದ್ರ ಆ ಜಪಾನಿಯವ್ರು ಎಲ್ಲೂ ಕಾಣಾದೇ ಇಲ್ಲಲ್ರೀ?”

“ಅವ್ರು ಒಳಗ ಕುಂತಿದ್ರು” ಎಂದೆ.