ನಿಲಂಗಾ ಬಸ್ಸಿನಲ್ಲಿ ಎಂಟನೆಯ ಕೋಟೆ

ಉದಗೀರದ ಕಾಳುಕಡಿ ವ್ಯಾಪಾರಿ ವಿಶ್ವನಾಥಪ್ಪನವರ ಹೆಂಡತಿ ಸುಮನಬಾಯಿ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕೊಳ್ಳಲು ಹೊರಟದ್ದು ವಿದ್ಯೆಗಾಗಿ ಅಲ್ಲ, ವಾರಗಿತ್ತಿಗಾಗಿ.

ಹಿರಿಯ ವಾರಗಿತ್ತಿ ಪ್ರಯಾಗಬಾಯಿ ಇರುವುದು ನಿಲಂಗಾದಲ್ಲಿ. ಇಬ್ಬರ ನಡುವಿನ ವ್ಯಾಜ್ಯಕ್ಕೆ ಮೂವತ್ತು ವರ್ಷವಾಯಿತು. ಹೊಲದ್ದಲ್ಲ, ಬಂಗಾರದ್ದೂ ಅಲ್ಲ. ಲಾತೂರಿನ ಭೂಕಂಪದಲ್ಲಿ ಉಮರ್ಗಾದ ಅವರ ದೊಡ್ಡ ಮನೆಯ ಗೋಡೆಗಳು ಬಾಯಿಬಿಟ್ಟವು. ಇಡೀ ಕುಟುಂಬ ಅಂಗಳದ ತಗಡಿನ ಶೆಡ್ಡಿನಲ್ಲಿ ಎರಡು ವರ್ಷ ಕಳೆಯಿತು. ಮಕ್ಕಳ ಹೆದರಿಕೆ ಹೋಗಲೆಂದು ಮಾವನವರು ಲಾತೂರಿನಿಂದ ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಯೊಂದನ್ನು ತಂದರು. ಮಕ್ಕಳ ಹೆದರಿಕೆ ವಾರದಲ್ಲಿ ಹೋಯಿತು, ಮಕ್ಕಳು ಶಾಲೆಗೆ ಹೋದರು, ಆಟ ಸೊಸೆಯಂದಿರ ಪಾಲಿಗೆ ಬಂತು.

ಆಟ ಇಷ್ಟೇ: ಗಿಡ್ಡನೊಬ್ಬ ಹೊಂಡ ಹಾರುತ್ತ, ಮುಳ್ಳು ತಪ್ಪಿಸುತ್ತ ಎಂಟು ಕೋಟೆ ದಾಟಬೇಕು. ಇವರು ಅವನಿಗೆ ಕುಳ್ಳಪ್ಪ ಎಂದು ಹೆಸರಿಟ್ಟರು. ಏಳು ಕೋಟೆಗಳನ್ನು ಇಬ್ಬರೂ ದಾಟಿದ್ದರು. ಒಂದು ಮಧ್ಯಾಹ್ನ ಸುಮನಬಾಯಿ ಜೋಳ ಬೀಸಿಸಲು ಗಿರಣಿಗೆ ಹೋಗಿ ಬರುವಷ್ಟರಲ್ಲಿ ಪ್ರಯಾಗಬಾಯಿ ಎಂಟನೆಯದನ್ನೂ ದಾಟಿಬಿಟ್ಟಿದ್ದರಂತೆ. ಸಾಕ್ಷಿ ಯಾರೂ ಇಲ್ಲ. ದಾಟಿದ ಗಳಿಗೆಯಲ್ಲೇ ಕರೆಂಟು ಹೋಯಿತಂತೆ. ಆಮೇಲೆ ಆ ಪೆಟ್ಟಿಗೆಯೂ ಕೆಟ್ಟಿತು, ಅದನ್ನು ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡರು. ವ್ಯಾಜ್ಯ ಮಾತ್ರ ಕೆಡಲಿಲ್ಲ.

ಹೋದ ತಿಂಗಳು ಲೋಹಾರಾದಲ್ಲಿ ನಂಟರ ಕೂಸಿನ ತೊಟ್ಟಿಲ ಶಾಸ್ತ್ರ. ಪ್ರಯಾಗಬಾಯಿ ಉಂಡು ಎದ್ದವರನ್ನೆಲ್ಲ ಸುತ್ತ ಕೂಡಿಸಿಕೊಂಡು ಎಂಟನೆಯ ಕೋಟೆಯ ಕಥೆ ಮತ್ತೆ ಹೇಳಿದರು. ಸುಮನಬಾಯಿ ಕೈಯಲ್ಲಿದ್ದ ಲಾಡು ತಾಟಿಗೆ ಹಾಕಿದರು.

“ಅಕ್ಕಾ, ಆ ಕೋಟಿ ಯಾರೂ ದಾಟಿಲ್ಲ. ನೀನೂ ದಾಟಿಲ್ಲ.”

“ನಿನಗ ಆಗಲಿಲ್ಲ ಅಂತ ಯಾರಿಗೂ ಆಗ್ಬಾರ್ದೇನು? ನಮ್ಮ ಮನಿಗಿ ಬಾ, ನನ್ನ ಕಣ್ಣ ಮುಂದ ದಾಟಿ ತೋರ್ಸು. ನೀ ದಾಟಿದ್ರ, ನಾ ಆವತ್ತು ಸುಳ್ಳ ಹೇಳ್ದೆ ಅಂತ ಇದೇ ಮಂದಿಗಿ ಒಬ್ಬೊಬ್ಬರಿಗಿ ಫೋನ ಮಾಡಿ ಹೇಳ್ತೀನಿ.”

ಸುಮನಬಾಯಿಗೆ ಇಷ್ಟೇ ಬೇಕಿತ್ತು.

ಮೊಮ್ಮಗಳು ಮಯೂರಿ ಉದಗೀರದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಹಳೆಯ ಆಟದ ಪೆಟ್ಟಿಗೆಯ ಸೋಗು ಹಾಕುವ ಒಂದು ಸಾಫ್ಟ್‌ವೇರ್ ಇರುತ್ತದೆ, ಅದನ್ನು ಹಾಕಿದರೆ ಕಂಪ್ಯೂಟರು ತಾನೇ ಆ ಪೆಟ್ಟಿಗೆ ಎಂದು ತಿಳಿದುಕೊಳ್ಳುತ್ತದೆ, ಅದರ ಹೆಸರು ಎಮ್ಯುಲೇಟರ್ ಎಂದು ಹೇಳಿದಳು.

“ಎಮ್ಮಿ ಲೇಟ ಬಂದ್ರೂ ನಡೀತದ, ಹಾಲು ಹಿಂಡಿದರ ಸಾಕು,” ಎಂದರು ಅಜ್ಜಿ.

ಮಯೂರಿ ಎಮ್ಯುಲೇಟರನ್ನೂ ಆಟವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿಕೊಟ್ಟಳು. ಸುಮನಬಾಯಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು. ಉಳಿದದ್ದು ಕಂಪ್ಯೂಟರು. ಅದು ನಿಲಂಗಾಕ್ಕೆ ಹೊತ್ತೊಯ್ಯುವಷ್ಟು ಸಣ್ಣದಿರಬೇಕು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಆಡುವಂತಿರಬೇಕು, ಯಾಕೆಂದರೆ ತಾಲೀಮು ಬಸ್ಸಿನಲ್ಲೇ. ಮನೆಯಲ್ಲಿ ಆಡಿದರೆ ಸೊಸೆ ನೋಡುತ್ತಾಳೆ, ಸೊಸೆ ನೋಡಿದರೆ ಸುದ್ದಿ ಬಸ್ಸಿಗಿಂತ ಮೊದಲೇ ನಿಲಂಗಾ ಮುಟ್ಟುತ್ತದೆ.

ಬಸ್‌ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿ ಧೀರಜನದು. ಮೂವತ್ತರ ಹರೆಯದವನು, ನಯದ ಮಾತಿನವನು, ಹಿರಿಯ ಹೆಂಗಸರನ್ನೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವವನು. ಅವನು ಮೂರು ಯಂತ್ರ ತಂದಿಟ್ಟು ಮಯೂರಿಯ ಪೆನ್‌ಡ್ರೈವಿನಿಂದ ಮೂರಕ್ಕೂ ಆಟ ಹಾಕಿದ.

“ಇದರಾಗ ಎಂಟು ಜಿಬಿ ರ‍್ಯಾಮ್ ಅದಾ, ಮಾವಶಿ.”

“ನಮ್ದು ಶಿವನ ಮನಿ ತಮ್ಮಾ. ಆದ್ರೂ ಇರ್ಲಿ, ಎಂಟು ರಾಮ ಯಾರಿಗಿ ಭಾರ?”

ಸುಮನಬಾಯಿಯ ಯಜಮಾನರು ತೊಗರಿ ಕೊಳ್ಳುವ ರೀತಿ ಒಂದೇ: ಚೀಲದ ಬಾಯಲ್ಲಿರುವ ಕಾಳನ್ನು ನಂಬುವುದಿಲ್ಲ, ಒಳಗೆ ಕೈಹಾಕಿ ತಳದ್ದು ತೆಗೆದು ನೋಡುತ್ತಾರೆ. ಸುಮನಬಾಯಿಯೂ ಹಾಗೆಯೇ ಮೂರು ಯಂತ್ರಗಳನ್ನೂ ಎತ್ತಿ, ಮಗುಚಿ, ಕಿವಿಯ ಹತ್ತಿರ ಅಲ್ಲಾಡಿಸಿದರು. ಕೊನೆಗೆ ಹೇಳಿದರು:

“ಟೇಬಲ್ ಮ್ಯಾಲ ಎಲ್ಲಾ ಛಂದೇ ಇರ್ತಾವ. ಬಸ್ಸಿನಾಗ ಆಡೂದು ಬಸ್ಸಿನಾಗೇ ನೋಡ್ಬೇಕು. ಕೊಡು, ನಿಲಂಗಾ ಹಾದ್ಯಾಗಿನ ಶಿರೂರ ಅನಂತಪಾಳದ ತನಾ ಹೋಗಿ ಬರ್ತೀನಿ.”

“ಬಿಲ್ ಆಗಲ್ದೆ ಹ್ಯಾಂಗ ಕೊಡ್ಲಿ ಮಾವಶಿ?”

“ಹಂಗಾದ್ರ ನೀನೂ ಬಾ.”

ಧೀರಜ ಬಂದ. ಯಾಕೆ ಬಂದನೆಂದು ಅವನು ಇವತ್ತಿಗೂ ಸರಿಯಾಗಿ ಹೇಳಲಾರ. ಅಂಗಡಿಗೆ ಬೀಗ ಹಾಕಿ, ಮೂರು ಯಂತ್ರಗಳ ಚೀಲ ಹೊತ್ತು, ನಿಲಂಗಾ ಬಸ್ಸಿನಲ್ಲಿ ಸುಮನಬಾಯಿಯ ಪಕ್ಕ ಕುಳಿತ. ಹೆಂಗಸರಿಗೆ ಅರ್ಧ ಟಿಕೇಟು. “ನನಗ ಅರ್ಧ, ಇವನಿಗಿ ಪೂರಾ. ನೋಡು, ಶ್ಯಾಣ್ಯಾ ಆದವರಿಗಿ ಸರಕಾರ ರಿಯಾಯತಿ ಕೊಡ್ತದ,” ಎಂದು ಸುಮನಬಾಯಿ ಕಂಡಕ್ಟರನಿಗೆ ವಿವರಿಸಿದರು.

ಮೊದಲನೆಯದು ಹದಿನೈದು ಇಂಚಿನದು. ಮುಂದಿನ ಸೀಟಿಗೂ ಹೊಟ್ಟೆಗೂ ನಡುವೆ ಸಿಕ್ಕಿಕೊಂಡು ತೆರೆಯಲೇ ಇಲ್ಲ. “ಇದು ರೊಟ್ಟಿ ಹಿಟ್ಟು ನಾದೂ ಪರಾತ ಆಗ್ಯದ,” ಎಂದು ತಿರುಗಿ ಕೊಟ್ಟರು. ಎರಡನೆಯದು ಅಂಗೈಯಗಲದ್ದು, ಎಡಬಲಕ್ಕೆ ಗುಂಡಿಗಳಿರುವುದು. “ಆಟಕ್ಕಂತೇ ಮಾಡಿದ್ದು ಮಾವಶಿ,” ಎಂದ ಧೀರಜ. ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಸುಮನಬಾಯಿಯ ಹೆಬ್ಬೆರಳು ನಾಲ್ಕು ಗುಂಡಿ ಒಟ್ಟಿಗೆ ಒತ್ತುತ್ತಿತ್ತು. ಬಸ್ಸು ಹೊಂಡ ಹಾರಿದರೆ ಕುಳ್ಳಪ್ಪ ಹೊಂಡಕ್ಕೆ ಬೀಳುತ್ತಿದ್ದ. “ಇದು ಕುಂಕುಮದ ಭರಣಿ. ನನಗ ಬ್ಯಾಡ.”

ಮೂರನೆಯದು ಊಟದ ಡಬ್ಬಿಯಷ್ಟು ಅಗಲದ ಪುಟ್ಟ ಲ್ಯಾಪ್‌ಟಾಪು. ತೊಡೆಯ ಮೇಲೆ ಕೂತಿತು. ಬಿಸಿಯಾಗಲಿಲ್ಲ, ಜಾರಲಿಲ್ಲ. ಬಾಣದ ಗುಂಡಿ ಒತ್ತಿದರೆ ಕುಳ್ಳಪ್ಪ ಓಡಿದ, ಉದ್ದ ಗುಂಡಿ ಒತ್ತಿದರೆ ಹಾರಿದ. ಮೊದಲ ಕೋಟೆ ದಾಟುವಷ್ಟರಲ್ಲಿ ಹಿಂದಿನ ಸೀಟಿನವರು ಎದ್ದು ನಿಂತಿದ್ದರು. “ಅಕ್ಕೋರ, ಹಾರ್ರೀ! ಮುಳ್ಳು ಬಂತ್ರೀ!” ಕಂಡಕ್ಟರನಂತೂ “ಉಡೀ ಮಾರಾ!” ಎಂದು ಮರಾಠಿಯಲ್ಲಿ ಅದನ್ನೇ ಕೂಗುತ್ತಿದ್ದ. ಆ ಗದ್ದಲದಲ್ಲಿ ಶಿರೂರ ಅನಂತಪಾಳ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ತಲೆಯೆತ್ತಿದಾಗ ನಿಲಂಗಾ.

“ಮಾವಶಿ, ನನ್ನ ಅಂಗಡಿ!” ಎಂದ ಧೀರಜ.

“ಅಂಗಡಿ ಎಲ್ಲಿಗೂ ಹೋಗಲ್ಲ. ಇದೇ ನಂದು, ಆರಿಸ್ದೆ. ನನಗ ಒಬ್ಬ ಸಾಕ್ಷಿ ಬೇಕು, ನಡೀ.”

ಪ್ರಯಾಗಬಾಯಿ ಬಾಗಿಲಲ್ಲೇ ಯಂತ್ರವನ್ನು ನೋಡಿ ಕಣ್ಣು ಸಣ್ಣ ಮಾಡಿದರು. ಚಹಾ ಆಯಿತು. ಬೇಕಾದಲ್ಲಿ ಆಟ ನಿಲ್ಲಿಸಿ, ಸತ್ತರೆ ಅಲ್ಲಿಂದಲೇ ಮತ್ತೆ ಎಬ್ಬಿಸುವ ಸೌಲಭ್ಯವಿದೆ ಎಂದು ಧೀರಜ ಬಾಯಿಬಿಟ್ಟ. “ಸತ್ತವರು ಸತ್ತಾಂಗ ಇರ್ಬೇಕು,” ಎಂದು ಪ್ರಯಾಗಬಾಯಿ ತಳ್ಳಿಹಾಕಿದರು. ಸುಮನಬಾಯಿಯೂ ಒಪ್ಪಿದರು. ಮೂವತ್ತು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

“ಹೊಸಾ ಸಾಮಾನು ಹಂಗೇ ಶುರು ಮಾಡ್ತಾರೇನು? ಥಾಂಬ್, ತಡಿ,” ಎಂದು ಪ್ರಯಾಗಬಾಯಿ ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದರು. ನೀರು ಹಾಕಿ ತೇದು, ಮೂರು ಬೆರಳಿನಿಂದ ಹಚ್ಚಿದರು. ಯಂತ್ರದ ಹಣೆ ಯಾವುದೆಂದು ತಿಳಿಯದೆ ಗುಂಡಿಗಳ ಮೇಲೆಯೇ ಎಡದಿಂದ ಬಲಕ್ಕೆ ಮೂರು ಪಟ್ಟೆ ಎಳೆದರು. ಧೀರಜನ ಬಾಯಿಂದ “ಅಯ್ಯೋ” ಎಂದು ಬಂತು. ಪಾಪ, ಭಕ್ತಿಯೆಂದು ತಿಳಿದು ಅವನ ಹಣೆಗೂ ಹಚ್ಚಿದರು.

ಒಂದು, ಎರಡು, ಮೂರು. ಸುಮನಬಾಯಿ ಕೋಟೆ ದಾಟುತ್ತ ಹೋದರು. ಐದನೆಯದರಲ್ಲಿ ಗುಂಡಿ ಕಿರುಗುಟ್ಟಿತು. ಏಳನೆಯದರಲ್ಲಿ ವಿಭೂತಿ ಒಣಗಿತು. ಎಂಟನೆಯ ಕೋಟೆಯ ಬಾಗಿಲಲ್ಲಿ ಬಲಗಡೆಯ ಬಾಣದ ಗುಂಡಿ ಒಳಗೆ ಹೋದದ್ದು ಮೇಲೆ ಬರಲಿಲ್ಲ. ಕುಳ್ಳಪ್ಪ ಓಡತೊಡಗಿದ. ಮುಂದೆ ಕಲ್ಲಿನ ಉದ್ದ ಸೇತುವೆ.

“ಸುಮಾ, ನಿಂದರ್ಸು ಅವನಿಗಿ!”

“ನಿಂದರವಲ್ಲ ಅಕ್ಕಾ!”

“ಸೇತುವಿ ನಡುವ ನಿಂತು, ನೋಡಿ ಹಾರ್ಬೇಕು! ನಾ ಹಂಗೇ ದಾಟಿದ್ದೆ!”

ಕುಳ್ಳಪ್ಪನ ಕಾಲ ಹಿಂದೆಯೇ ಸೇತುವೆಯ ಕಲ್ಲುಗಳು ಒಂದೊಂದಾಗಿ ಉದುರುತ್ತಿದ್ದವು. ನಿಂತಿದ್ದರೆ ನಿಂತಲ್ಲೇ ಹೋಗುತ್ತಿದ್ದ. ಮೂವತ್ತು ವರ್ಷದ ಹಿಂದೆ ಇಬ್ಬರೂ ಹೆದರಿ ಅಲ್ಲಿ ನಿಂತೇ ಬಿದ್ದಿದ್ದರು. ಈಗ ನಿಲ್ಲಿಸಲು ಆಗದೆ ಸುಮನಬಾಯಿ ಕಣ್ಣು ಮುಚ್ಚಿ ಹಾರುವ ಗುಂಡಿ ಕುಟ್ಟಿದರು. ಯಂತ್ರ ಬೀಪ್ ಬೀಪ್ ಎಂದು ಬಾಜಾ ಬಾರಿಸಿತು. ಕೋಟೆಯ ಮೇಲೆ ಕುಳ್ಳಪ್ಪ ಬಾವುಟ ಹಿಡಿದು ನಿಂತಿದ್ದ.

ಆಮೇಲೆ ಸುಮನಬಾಯಿ ನಿಧಾನವಾಗಿ ತಿರುಗಿದರು.

“ಅಕ್ಕಾ, ಅಲ್ಲಿ ನಿಂತವರು ಬೀಳ್ತಾರ. ನೀ ನಿಂತಿದ್ದಿ ಅಂದಿ.”

ಪ್ರಯಾಗಬಾಯಿ ಸೆರಗು ಸರಿಮಾಡಿಕೊಂಡರು, ಕಿಟಕಿಯ ಆಚೆ ನೋಡಿದರು, ಫೋನು ಎತ್ತಿಕೊಂಡರು. ಲೋಹಾರಾದ ನಂಟರಿಂದ ಶುರುಮಾಡಿ ಒಬ್ಬೊಬ್ಬರಿಗೂ ಹೇಳಿದರು: “ಆವತ್ತು ನಾ ಎಂಟನೇ ಕೋಟಿ ದಾಟ್ದೆ ಅಂದಿದ್ನಲ್ಲಾ, ಅದು ಸುಳ್ಳು. ಇವತ್ತು ಖರೇನೇ ದಾಟ್ದೆ. ಹಾಂ, ಸುಮನಬಾಯಿ ಕೈಲೇ. ಆದ್ರ ಗುಂಡಿಗಿ ಇಭೂತಿ ಹಚ್ಚಿದಾಕಿ ನಾ.”

“ಅಕ್ಕಾ!”

“ಸುಳ್ಳೇನು? ಕೇಳು ನಿನ್ನ ಸಾಕ್ಷಿಗಿ.”

ಹಣೆಯ ಮೇಲೆ ಮೂರು ಪಟ್ಟೆ ಹೊತ್ತ ಸಾಕ್ಷಿ, ಆ ಯಂತ್ರವನ್ನು ಇನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಬಿಲ್ ಬರೆಯುವುದರಲ್ಲಿ ಮುಳುಗಿದ್ದ. ಪ್ರಯಾಗಬಾಯಿ ಲ್ಯಾಪ್‌ಟಾಪನ್ನು ತಮ್ಮ ತೊಡೆಗೆ ಎಳೆದುಕೊಂಡರು.

“ಸರಿ, ಈಗ ನನ್ನ ಪಾಳಿ. ಮೊದಲನೇ ಕೋಟಿಯಿಂದ.”

ಆಟ ಶುರುವಾಯಿತು. ಕುಳ್ಳಪ್ಪ ಹಿಂದೆಮುಂದೆ ನೋಡದೆ, ಯಾರ ಮಾತೂ ಕೇಳದೆ ಓಡಿಹೋಗಿ ಮೊದಲನೆಯ ಹೊಂಡಕ್ಕೇ ಬಿದ್ದ. ಮತ್ತೆ ಎದ್ದ, ಮತ್ತೆ ಅದಕ್ಕೇ ಬಿದ್ದ.

“ಏನಾಗ್ಯದ ಇವನಿಗಿ?”

“ನೀ ಹಚ್ಚಿದ ಇಭೂತಿ ಅಕ್ಕಾ,” ಎಂದು ಸುಮನಬಾಯಿ ಚಹಾದ ಬಟ್ಟಲು ಎತ್ತಿದರು. “ಎಲ್ಲಾ ನಿಂದೇ.”