ವಾಂತಿಗಿಂತ ಮುಂಚಿನ ಮಾತ್ರೆ

ನನ್ನ ಗಂಡನ ಅಕ್ಕ ಮಲ್ಲಮ್ಮನ ಎಲೆ-ಅಡಿಕೆಯ ಸಂಚಿಗೆ ನಾಲ್ಕು ಅರೆಗಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಲವಂಗ ಅಲ್ಲಿಯ ಕಾಯಂ ನಿವಾಸಿಗಳು. ಕಳೆದ ವರ್ಷ ಕೆಲವು ತಿಂಗಳು ಮಾತ್ರ ಅವರನ್ನೆಲ್ಲ ಖಾಲಿ ಮಾಡಿಸಿ ನನ್ನ ಮಾತ್ರೆಗಳು ಒಕ್ಕಲು ಬಂದಿದ್ದವು. ಓದುಬರಹ ಬಾರದ ಅಕ್ಕ ಯಾವ ಅರೆಯ ಮಾತ್ರೆ ಯಾವ ಹೊತ್ತಿನದೆಂದು ಒಮ್ಮೆಯೂ ತಪ್ಪಲಿಲ್ಲ. ತೆಲಂಗಾಣದ ಮಖ್ತಲ್‌ನ ಕನ್ನಡ ಶಾಲೆಯಲ್ಲಿ ಇಪ್ಪತ್ತು ವರ್ಷ ಛಂದಸ್ಸಿನ ಮಾತ್ರೆ ಎಣಿಸುವುದನ್ನು ಕಲಿಸಿದ ನಾನೇ, ನೋಡಿ, ನುಂಗುವ ಮಾತ್ರೆಯ ಲೆಕ್ಕದಲ್ಲಿ ನಪಾಸಾದವಳು.

ಎದೆಯ ಗಡ್ಡೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ರಾಯಚೂರಿನ ಆಸ್ಪತ್ರೆಯಲ್ಲಿ ಆರು ಸಲ ಕೀಮೋ ಆಗಬೇಕೆಂದರು. ಮೊದಲ ಸಲ ಸಲಾಯಿನ್ನಿನ ಜೊತೆ ಔಷಧ ಹನಿಹನಿಯಾಗಿ ಇಳಿದು ಮುಗಿದಾಗ ನರ್ಸಮ್ಮ ವಾಂತಿ ತಡೆಯುವ ಮಾತ್ರೆಗಳ ಒಂದು ಪೊಟ್ಟಣ ಕೊಟ್ಟು, ಮೂರು ದಿನ ಹೊತ್ತಿಗೆ ಸರಿಯಾಗಿ ತಗೊಳ್ಳಿ ಅಂದಿದ್ದರು. ಸಂಜೆ ಮನೆಗೆ ಬಂದರೆ ನನಗೇನೂ ಆಗಿರಲಿಲ್ಲ. ಅನ್ನ ಸಾರು ಉಂಡೆ. ವಾಂತಿಯೇ ಇಲ್ಲದಿರುವಾಗ ವಾಂತಿಯ ಮಾತ್ರೆ ಯಾಕೆಂದು, ಬಹಳ ಜಾಣೆಯಂತೆ, ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿಟ್ಟೆ.

ಮರುದಿನ ಮಧ್ಯಾಹ್ನ ಪಕ್ಕದ ಮನೆಯವರು ಈರುಳ್ಳಿ ಒಗ್ಗರಣೆ ಹಾಕಿದರು. ಅಲ್ಲಿಂದ ಶುರುವಾದದ್ದನ್ನು ಸ್ನೇಹಿತರಾದ ನಿಮ್ಮ ಮುಂದೆ ವಿಸ್ತರಿಸಿ ಹೇಳುವುದು ಸಭ್ಯತೆಯಲ್ಲ. ಸೋಪಿನ ವಾಸನೆಗೆ ವಾಂತಿ, ಪೇಪರಿನ ಶಾಯಿಯ ವಾಸನೆಗೆ ವಾಂತಿ. ಗಾಬರಿಯಲ್ಲಿ ನುಂಗಿದ ಮಾತ್ರೆ ಹೋದ ದಾರಿಯಲ್ಲೇ, ಹೋದದ್ದಕ್ಕಿಂತ ಜೋರಾಗಿ, ಮರಳಿ ಬಂತು. ಎರಡು ದಿನ ನೀರು ಕೂಡ ನಿಲ್ಲದೆ, ಕೊನೆಗೆ ಊರಿನ ದವಾಖಾನೆಯಲ್ಲಿ ಬಾಟಲಿ ಏರಿಸಬೇಕಾಯಿತು. ಆ ಮಂಚದ ಮೇಲೆಯೇ ನಾನು ಗಂಡನಿಗೆ ಹೇಳಿಬಿಟ್ಟೆ: "ಗಡ್ಡಿ ತಗದಾರ, ಸಾಕು. ನಾ ಇನ್ನ ರಾಯಚೂರಿಗಿ ಹೋಗಾಂಗಿಲ್ಲ." ಅವರು ಗದ್ವಾಲದ ನೌಕರಿಗೆ ಹೊರಡುವ ಮುನ್ನ ಉಟ್ಕೂರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದರು, ಅಷ್ಟೆ.

ಶೇರ್ ಆಟೋದಿಂದ ಜೋಳದ ಹಿಟ್ಟಿನ ಚೀಲದೊಂದಿಗೆ ಇಳಿದ ಅಕ್ಕ ಮೊದಲು ನನ್ನ ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿದಳು, ಆಮೇಲೆ ಗೂಡಿಗೆ ಕೈಹಾಕಿದಳು.

"ಇವ್ಯಾಕ ಹಂಗ ಉಳದಾವ?"

"ವಾಂತಿ ಬಂದಿದ್ದಿಲ್ಲಲ್ಲಕ್ಕ, ಅದಕ್ಕ ತಗೊಳ್ಳಿಲ್ಲ."

ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದ ಅಕ್ಕ ಪೊಟ್ಟಣವನ್ನು ನನ್ನ ಮುಖದ ಮುಂದೆ ಹಿಡಿದಳು. "ಮಳಿ ಬೀಳೂದಕ್ಕಿಂತ ಮೊದಲ ಕುರಿಗಿ ಔಷಧ ಹಾಕ್ತೀವಿ ನಾವು. ರೋಗ ಬಂದ ಮ್ಯಾಲ ಹಾಕಿದ್ರ ತೊಗಲಷ್ಟ ಸಿಗತೈತಿ. ಟೀಚರ್ ಆಗಿ ಇಷ್ಟೂ ತಿಳೀಲಿಲ್ಲೇನು? ಒಮ್ಮಿ ಬಾ, ಡಾಕ್ಟರಮ್ಮಗ ಎಲ್ಲಾ ಹೇಳು. ಆಮ್ಯಾಲ ಬ್ಯಾಡಂದ್ರ ಬ್ಯಾಡ."

ಹೋದೆ. ಆದರೆ ಎರಡನೆಯ ಕೀಮೋದ ಆ ದಿನ ಬಸ್ಸು ಕೃಷ್ಣೆಯ ಸೇತುವೆ ಏರಿದ್ದೇ ತಡ, ಔಷಧದ ಒಂದು ಹನಿಯೂ ಮೈಗೆ ಸೇರುವ ಮೊದಲೇ ನಾನು ವಾಂತಿ ಮಾಡಿಕೊಂಡೆ. ಅಕ್ಕ ಕವರು ಹಿಡಿದು ನನ್ನ ಹಣೆ ಒತ್ತಿಕೊಂಡಿದ್ದಳು. ನನಗೆ ಹುಚ್ಚೇ ಹಿಡಿದಿದೆಯೆಂದು ಹೆದರಿ, ಡಾಕ್ಟರಮ್ಮನ ಮುಂದೆ ಅದನ್ನೂ ಅತ್ತು ಹೇಳಿಕೊಂಡೆ. ಆಕೆ ಬೈಯಲಿಲ್ಲ. ಅಂದೇ ಬರುವ ವಾಂತಿ ಒಂದು, ಮರುದಿನ ತಡವಾಗಿ ಬರುವುದು ಇನ್ನೊಂದು, ಹಿಂದಿನ ಸಲದ ನೆನಪಿಗೇ ಮುಂಚಿತವಾಗಿ ಬರುವುದು ಮತ್ತೊಂದು; ಎಲ್ಲಕ್ಕೂ ಮಾತ್ರೆಗಳಿವೆ, ಆದರೆ ವಾಂತಿ ಬರಲಿ ಬಿಡಲಿ ಹೊತ್ತಿಗೆ ನುಂಗಬೇಕು, ಅಂದರು. ಮಾತ್ರೆಗಳನ್ನು ಬದಲಿಸಿ, ಮನೆಯಿಂದ ಹೊರಡುವ ಮುನ್ನ ನುಂಗಲೆಂದೇ ಒಂದು ಚಿಕ್ಕದನ್ನೂ ಕೊಟ್ಟರು. ನನಗೋ ಒಳಗೊಳಗೇ ನಗು: ವಾಂತಿಗೂ ಭೂತ, ವರ್ತಮಾನ, ಭವಿಷ್ಯತ್ತೆಂಬ ಕಾಲಗಳಿವೆಯೆಂದು ಗೊತ್ತಿದ್ದರೆ ಮಕ್ಕಳಿಗೆ ಎಷ್ಟು ಚೆನ್ನಾಗಿ ಪಾಠ ಮಾಡಬಹುದಿತ್ತು!

ಅಂದಿನಿಂದ ಅಕ್ಕನ ಆಡಳಿತ. ಹೊತ್ತಾಯಿತೆಂದರೆ ಸಂಚಿ ಬಿಚ್ಚುತ್ತಾಳೆ, ಗದ್ದ ಹಿಡಿದೆತ್ತುತ್ತಾಳೆ, ನಾಲಿಗೆಯ ಮೇಲೆ ಮಾತ್ರೆಯಿಡುತ್ತಾಳೆ, ಅದು ಗಂಟಲಿನಿಂದ ಕೆಳಗಿಳಿಯುವವರೆಗೂ ಕೈ ಬಿಡುವುದಿಲ್ಲ. ಹೀಗೆ ಎಷ್ಟು ಕುರಿಗಳು ಬದುಕಿಕೊಂಡಿವೆಯೋ! ಓಕರಿಕೆ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಹೊಸ್ತಿಲತನಕ ಬಂದು ಕೂತಿರುತ್ತಿತ್ತು, ಒಳಗೆ ಮಾತ್ರ ಬರುತ್ತಿರಲಿಲ್ಲ. ಬದಲಿಗೆ ಹಸಿವು ಬಂತು. ಎಂಥ ಹಸಿವು! ಕೀಮೋದ ಮರುದಿನ ಮೂರು ರೊಟ್ಟಿಯನ್ನು ಪುಂಡಿಸೊಪ್ಪಿನ ಪಲ್ಯದೊಂದಿಗೆ ತಿಂದು, ಗೂಡುಗಳನ್ನೆಲ್ಲ ಒರೆಸಿ, ರೊಟ್ಟಿ ಬಡಿಯುತ್ತಿದ್ದ ಅಕ್ಕನಿಗೆ ಲೋಪಸಂಧಿ ವಿವರಿಸತೊಡಗಿದೆ. "ಇಕಿಗಿ ಏನ್ ಕೊಟ್ಟಾರಪಾ ಅವ್ರು?" ಎಂದು ಆಕೆ ಒಲೆಯನ್ನೇ ಕೇಳಿದಳು. ವಾಂತಿಗೆ ಕೊಟ್ಟ ಮಾತ್ರೆಗಳಲ್ಲೊಂದಕ್ಕೆ ಹೀಗೆ ಹಸಿವನ್ನೂ ಉಮೇದನ್ನೂ ಏರಿಸುವ ಗುಣವಿದೆಯೆಂದು ಡಾಕ್ಟರಮ್ಮ ಆಮೇಲೆ ನಕ್ಕು ಹೇಳಿದರು. ಇರಲಿ, ಮಾತ್ರೆ ತಂದ ಸಂತೋಷವೂ ಸಂತೋಷವೇ. ಉಂಡದ್ದು ಉಂಡಲ್ಲೇ ಉಳಿಯುವುದು ಎಂಥ ದೊಡ್ಡ ಐಶ್ವರ್ಯವೆಂಬುದು ಉಂಡವರಿಗೆ ಗೊತ್ತಿಲ್ಲ, ಕಕ್ಕಿದವರಿಗೆ ಗೊತ್ತು. ಅಕ್ಕ ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಳು, ನಾನು ಅವಳ ರೊಟ್ಟಿಯನ್ನು.

ಆರನೆಯದೂ ಮುಗಿದ ದಿನ ಇಬ್ಬರೂ ಬಸ್ಸಿನಲ್ಲಿ ಮರಳುತ್ತಿದ್ದೆವು. ಸೇತುವೆಯ ನಡುವೆ ನಾನು ಕಿಟಕಿಯಿಂದ ನೀರು ನೋಡುತ್ತ ಆರಾಮಾಗಿ ಕೂತಿದ್ದೆ. ಇದ್ದಕ್ಕಿದ್ದಂತೆ ಅಕ್ಕ ನನ್ನ ಮಡಿಲಿನ ಕವರನ್ನು ಕಿತ್ತುಕೊಂಡು ಅದರೊಳಗೆ ಮುಖವಿಟ್ಟು ವಾಂತಿ ಮಾಡಿದಳು. ಗಾಬರಿಯಿಂದ ಹಣೆ ಒತ್ತಿ ಹಿಡಿದೆ. ಬಾಯಿ ಒರೆಸಿಕೊಂಡು, ಕಣ್ಣೀರು ತುಂಬಿದ ಕಣ್ಣಲ್ಲೇ ನಕ್ಕಳು.

"ನನಗ ಬಸ್ಸು ಮೊದಲಿಂದ ಆಗಿ ಬರಾಂಗಿಲ್ಲವ್ವ. ಹೋಗಾಕ ಬರಾಕ ಒಂಬತ್ತು ಸಲ ಹಲ್ಲು ಕಚ್ಚಿ ತಡಕೊಂಡೀನಿ. ನಾ ಕಾರೂದು ನೋಡಿದ್ರ ನೀನೂ ಕಾರ್ತಿದ್ದಿ. ಇವತ್ತ ನಿಂದು ಮುಗೀತಲ್ಲ, ಬಿಟ್ಟೆ."

ನನಗೆ ಅಳುವೋ ನಗುವೋ ತಿಳಿಯಲಿಲ್ಲ, ನಗುವೇ ಗೆದ್ದಿತು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು, ಪಕ್ಕೆ ಹಿಡಿದುಕೊಂಡು ನಕ್ಕೆವು. ಕಂಡಕ್ಟರು ಓಡಿಬಂದು ತೆಲುಗಿನಲ್ಲಿ ಕೇಳಿದ: "ಏಮೈಂದಮ್ಮಾ?"

ಏನಾಯಿತೆಂದು ಹೇಗೆ ಹೇಳಲಿ! ಅಕ್ಕನೇ ಕೈಯಾಡಿಸಿ ಅವನ ಭಾಷೆಯಲ್ಲೇ ಉತ್ತರಿಸಿದಳು: "ಅಯಿಪೋಯಿಂದಿ ನಾಯನಾ, ಅಂತಾ ಅಯಿಪೋಯಿಂದಿ." ಮುಗಿಯಿತಪ್ಪಾ, ಎಲ್ಲ ಮುಗಿಯಿತು.