ಹನ್ನೆರಡನೆಯ ಹಾಳೆ
ನಮ್ಮ ನಿರಾಶ್ರಿತರ ಶಿಬಿರವನ್ನು ನೋಡಿಕೊಳ್ಳುವ ಉಸ್ತಾದ್ ತಯ್ಸೀರರನ್ನು ನಾನು ಮೊದಲು ಕಂಡ ದಿನ ಅವರು ಶಿಬಿರದ ಕಚೇರಿಯಲ್ಲಿ ಕೂತು ಫೋನಿನಲ್ಲಿ ಕೂಗುತ್ತಿದ್ದರು: "ಹನ್ನೆರಡು ಜನ ತಜ್ಞರು ಬೇಕು, ಒಬ್ಬರೂ ಕಮ್ಮಿ ಆಗಬಾರದಂತೆ!" ತುರ್ತು ಪರಿಹಾರ ನಿಧಿಗೆ ಅಷ್ಟು ಸಲಹೆಗಾರರು ಕೂಡುವವರೆಗೆ ನಮಗೆ ಹೊಸ ಡೇರೆಗಳು ಬರುವಂತಿರಲಿಲ್ಲ. ಮೂರು ಚಳಿಗಾಲ ಕಳೆದರೂ ಸಿಕ್ಕವರು ಹನ್ನೊಂದೇ. ಒಬ್ಬರಿಗೆ ಬಿಡುವಿಲ್ಲ, ಇನ್ನೊಬ್ಬರಿಗೆ ವಿಮಾನದಲ್ಲಿ ಕಿಟಕಿಯ ಸೀಟೇ ಆಗಬೇಕು. ಪ್ರತಿ ಸಲವೂ ಉಸ್ತಾದರು ಫೋನಿಟ್ಟು, "ಇನ್ಶಾ ಅಲ್ಲಾಹ್, ಮುಂದಿನ ವಾರ" ಎಂದು ಕಣ್ಣುಜ್ಜಿಕೊಳ್ಳುತ್ತಿದ್ದರು. ಕಚೇರಿಯಲ್ಲಿ ಅವರಿಗೆ ಕಾಫಿ ಕೊಡುತ್ತಿದ್ದವಳು ನಾನು. ನಮ್ಮಲ್ಲಿ ಕಾಫಿ ಸಾಕಾದವರು ಬಟ್ಟಲು ಅಲುಗಿಸಬೇಕು, ಇಲ್ಲದಿದ್ದರೆ ಮತ್ತೆ ಸುರಿಯುವುದು ವಾಡಿಕೆ. ಅವರು ಮಾತಿನಲ್ಲಿ ಮುಳುಗಿ ಮರೆಯುತ್ತಿದ್ದರು, ನಾನು ಸುರಿಯುತ್ತಲೇ ಇರುತ್ತಿದ್ದೆ. ಹದಿನಾಲ್ಕನೆಯ ಬಟ್ಟಲಿಗೆ ಒಮ್ಮೆ, "ಉಮ್ಮು ಕಿನಾನ್, ನನ್ನನ್ನ ಸಾಯಿಸ್ತೀರಾ?" ಎಂದರು. "ಬಟ್ಟಲು ಅಲ್ಲಾಡಿಸೋಕೂ ತಜ್ಞರು ಬೇಕಾ, ಉಸ್ತಾದ್?" ಎಂದೆ. ಶಿಬಿರಕ್ಕೆಲ್ಲ ನಾನು ಉಮ್ಮು ಕಿನಾನ್, ಅಂದರೆ ಕಿನಾನನ ತಾಯಿ; ಹೆಸರು ಹಿಡಿದು ಕರೆಯುತ್ತಿದ್ದ ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಕಳೆದ ವಾರ ಮಳೆನೀರು ನನ್ನ ಡೇರೆಗೆ ನುಗ್ಗಿದಾಗ ಉಸ್ತಾದರೇ ಓಡಿಬಂದು ಹಿಟ್ಟಿನ ಚೀಲ ಎತ್ತಿಕೊಂಡರು. "ಅದನ್ನ ಬಿಡಿ, ಮೊದಲು ಹಾಸಿಗೆ ಎತ್ತಿ. ರೊಟ್ಟಿ ಪಕ್ಕದವರು ಕೊಡ್ತಾರೆ. ಒಣ ಹಾಸಿಗೆ ಯಾರ ಹತ್ರಾನೂ ಎರಡಿರಲ್ಲ" ಎಂದೆ. ಅವರು ಹಾಸಿಗೆಯನ್ನು ಹೊತ್ತು ತಂದು ತಮ್ಮ ಮೇಜಿನ ಮೇಲೆ, ಹನ್ನೊಂದು ಜನ ತಜ್ಞರ ಕಾಗದಗಳ ಮೇಲೆಯೇ ಹರಡಿದರು. ಆಮೇಲೆ ನಾನು ಕೊಟ್ಟ ಕಾಫಿಗೆ ಮೊದಲ ಬಟ್ಟಲಿಗೇ ಸಾಕೆಂದು ಅಲುಗಿಸಿ, ಖಾಲಿ ಉಳಿದಿದ್ದ ಹನ್ನೆರಡನೆಯ ತಜ್ಞರ ಹಾಳೆಯನ್ನು ಎಳೆದುಕೊಂಡು ಕೇಳಿದರು: "ಉಮ್ಮು ಕಿನಾನ್, ನಿಮ್ಮ ಸ್ವಂತ ಹೆಸರೇನು?"